ಸೌದೆ ಸೀಳಿದ ತೋಳು

ನಾನು ಬೆಳೆಯುವಾಗ ತಿಳವಳ್ಳಿಯಲ್ಲಿ ಟೆನಿಸ್ ಎಂದರೆ ಟೆನಿಸ್ ಬಾಲಿನ ಕ್ರಿಕೆಟ್. ರ‍್ಯಾಕೆಟ್ ಹಿಡಿದವರನ್ನು ಕಣ್ಣಾರೆ ಕಂಡದ್ದು ಓದಲೆಂದು ಧಾರವಾಡಕ್ಕೆ ಹೋದ ಮೇಲೆ. 2024ರ ಜನವರಿ 27ರಂದು ಮಾತ್ರ ಊರಲ್ಲೇ ಇದ್ದೆ. ಹೋರಿ ಹಬ್ಬದ ಕಾಲ, ಹುಡುಗರ ಬಾಯಲ್ಲೆಲ್ಲ ಕೊಬ್ಬರಿ ಹೋರಿಗಳ ಹೆಸರೇ. ನಾನು ಮಾತ್ರ ಮೊಬೈಲಿನಲ್ಲಿ ಮೆಲ್ಬರ್ನಿನ ಫೈನಲ್ ನೋಡುತ್ತ ಕೂತಿದ್ದೆ. ರೋಹನ್ ಬೋಪಣ್ಣ ಮತ್ತು ಆಸ್ಟ್ರೇಲಿಯದ ಮ್ಯಾಥ್ಯೂ ಎಬ್ಡೆನ್, ಇಟಲಿಯ ಬೊಲೆಲ್ಲಿ–ವವಸೋರಿ ಜೋಡಿಯನ್ನು 7-6, 7-5ರಿಂದ ಸೋಲಿಸಿದರು. ಪಕ್ಕದಲ್ಲಿದ್ದ ಕಾಕಾ ಆಟಗಾರನ ವಯಸ್ಸು ಕೇಳಿದರು. ನಲವತ್ತಮೂರು ಅಂದೆ. “ಹಂಗಾರ ನಿನ್ನ ಪಿಎಚ್‌ಡಿಗೂ ಇನ್ನೂ ಟೈಮ್ ಐತಿ ಬಿಡಪಾ” ಅಂದರು.

ಮರುದಿನದ ಸುದ್ದಿಯಲ್ಲೂ ಎದ್ದು ಕಂಡದ್ದು ಆ ವಯಸ್ಸೇ. ಗ್ರ್ಯಾಂಡ್‌ಸ್ಲ್ಯಾಮ್ ಪುರುಷರ ಡಬಲ್ಸ್ ಪ್ರಶಸ್ತಿಯನ್ನು ಓಪನ್ ಯುಗದಲ್ಲಿ ಗೆದ್ದ ಅತಿ ಹಿರಿಯ, ಡಬಲ್ಸ್‌ನಲ್ಲಿ ವಿಶ್ವದ ಮೊದಲ ಸ್ಥಾನಕ್ಕೇರಿದ ಅತಿ ಹಿರಿಯ. ಎಲ್ಲವೂ ನಿಜ. ನನ್ನ ತಕರಾರು ಇಷ್ಟೇ: 43 ಎಂಬ ಅಂಕಿ ತರುಣ ಬೋಪಣ್ಣನನ್ನು ಮರೆಮಾಡಿತು. ಮುದುಕನಾಗಿ ಗೆದ್ದ ಆಟ ಯಾವುದೆಂದು ತಿಳಿಯಬೇಕಾದರೆ ತರುಣನಾಗಿ ಸೋತ ಆಟ ಯಾವುದೆಂದು ನೋಡಬೇಕು.

1980ರ ಮಾರ್ಚ್ 4ರಂದು ಹುಟ್ಟಿದ ಬೋಪಣ್ಣ ಬೆಳೆದದ್ದು ಕೊಡಗಿನಲ್ಲಿ, ಕಾಫಿ ತೋಟದ ಮನೆಯಲ್ಲಿ. ಹಾಕಿಯ ನಾಡಿನಲ್ಲಿ ಟೆನಿಸ್ ಶುರುಮಾಡಿದ್ದು ಹನ್ನೊಂದನೇ ವಯಸ್ಸಿಗೆ. ಸರ್ವ್‌ಗೆ ಬಲ ಬರಲೆಂದು ಸೌದೆ ಒಡೆದದ್ದನ್ನು, ದಮ್ಮು ಹೆಚ್ಚಲೆಂದು ತೋಟದೊಳಗೆ ಓಡಿದ್ದನ್ನು ಅವರೇ ಮುಂದೆ ನೆನೆದಿದ್ದಾರೆ. 2002ರಲ್ಲಿ ಡೇವಿಸ್ ಕಪ್ ತಂಡಕ್ಕೆ ಬಂದರು, 2003ರಲ್ಲಿ ವೃತ್ತಿಪರರಾದರು. ಎತ್ತರದ ಮೈಕಟ್ಟು, ಭಾರೀ ಸರ್ವ್, ಒಂದೇ ಕೈಯ ಬ್ಯಾಕ್‌ಹ್ಯಾಂಡ್. ಆದರೂ ಸಿಂಗಲ್ಸ್‌ನಲ್ಲಿ ಅವರು ಮುಟ್ಟಿದ ಅತ್ಯುತ್ತಮ ಸ್ಥಾನ 213, ಅದೂ 2007ರಲ್ಲಿ. ದೊಡ್ಡ ಟೂರ್ನಿಗಳ ನೇರ ಪ್ರವೇಶ ಸುಮಾರು ಮೊದಲ ನೂರು ಮಂದಿಗೆ. 213 ಎಂದರೆ ಅರ್ಹತಾ ಸುತ್ತಿನ ಬಾಗಿಲಲ್ಲಿ ನಿಲ್ಲುವ, ಸಣ್ಣ ಟೂರ್ನಿಗಳ ನಡುವೆ ಅಲೆಯುವ ಸ್ಥಾನ.

ಡಬಲ್ಸ್‌ನಲ್ಲಿ ಅಂಕಣ ತುಸು ಅಗಲ, ಆದರೆ ಕಾಯುವವರು ಇಬ್ಬರು. ಸರ್ವ್ ಮಾಡುವ ಸರದಿ ನಾಲ್ಕು ಗೇಮಿಗೊಮ್ಮೆ. ಬಿರುಸಾದ ಸರ್ವ್‌ಗೆ ಎದುರಾಳಿ ತಡವರಿಸಿದರೆ ನೆಟ್ ಬಳಿಯ ಜೊತೆಗಾರ ಅಲ್ಲೇ ಕತ್ತರಿಸಿ ಹಾಕುತ್ತಾನೆ. ದೀರ್ಘ ರ‍್ಯಾಲಿಗಳಲ್ಲಿ ಸವೆಯಬೇಕಿದ್ದ ತೋಳು ಇಲ್ಲಿ ಎರಡೇ ಹೊಡೆತದಲ್ಲಿ ಕೆಲಸ ಮುಗಿಸಬಹುದು. ಸಿಂಗಲ್ಸ್‌ನಲ್ಲಿ ಆಗದವರು ಡಬಲ್ಸ್‌ಗೆ ಹೋಗುತ್ತಾರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬೋಪಣ್ಣ ತಮ್ಮ ಆಯುಧಕ್ಕೆ ತಕ್ಕ ಕಾಳಗವನ್ನು ಹುಡುಕಿಕೊಂಡರು.

ಇದರ ಪುರಾವೆ 2010ರ ಸೆಪ್ಟೆಂಬರಿನ ಹತ್ತು ದಿನಗಳಲ್ಲಿದೆ. ಸೆಪ್ಟೆಂಬರ್ 10ರಂದು ನ್ಯೂಯಾರ್ಕಿನಲ್ಲಿ ಬೋಪಣ್ಣ ಮತ್ತು ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಅಮೆರಿಕ ಓಪನ್ ಫೈನಲ್ ಆಡಿದರು. ವಿಶ್ವಸಂಸ್ಥೆಯಲ್ಲಿದ್ದ ಎರಡೂ ದೇಶಗಳ ರಾಯಭಾರಿಗಳು ಒಟ್ಟಿಗೆ ಕೂತು ನೋಡಿದರು. ಬ್ರಯಾನ್ ಸಹೋದರರ ಎದುರು 7-6, 7-6ರ ಸೋಲು, ಎರಡೂ ಸೆಟ್ ಟೈಬ್ರೇಕರ್‌ನಲ್ಲಿ. ಒಂದೇ ವಾರದಲ್ಲಿ ಚೆನ್ನೈಯಲ್ಲಿ ಬ್ರೆಜಿಲ್ ವಿರುದ್ಧ ಡೇವಿಸ್ ಕಪ್. ಮೊದಲ ದಿನ ಥಾಮಸ್ ಬೆಲ್ಲೂಚಿ ಎದುರು ಸಿಂಗಲ್ಸ್‌ನಲ್ಲಿ ಐದು ಸೆಟ್ ಆಡಿ, ಕೊನೆಯದನ್ನು 10-8ರಲ್ಲಿ ಕಳೆದುಕೊಂಡರು. ಭಾರತ 0-2 ಹಿಂದೆ. ಪೇಸ್–ಭೂಪತಿ ಡಬಲ್ಸ್ ಗೆದ್ದರು. ಸೋಮದೇವ್ ಎದುರು ಬೆಲ್ಲೂಚಿ ಆಟ ಮಧ್ಯದಲ್ಲೇ ಬಿಟ್ಟರು. ಐದನೇ ಪಂದ್ಯಕ್ಕೆ ಉಳಿದವರು ಬೋಪಣ್ಣ. ಸಿಂಗಲ್ಸನ್ನು ಬಹುಮಟ್ಟಿಗೆ ಬಿಟ್ಟಿದ್ದ ಆ ಮೂವತ್ತರ ಆಟಗಾರ ರಿಕಾರ್ಡೊ ಮೆಲ್ಲೊ ಅವರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದರು. ಭಾರತ ವಿಶ್ವ ಗುಂಪಿನಲ್ಲಿ ಉಳಿಯಿತು. ಆ ಸರ್ವ್ ಬಲ ಕಳೆದುಕೊಂಡಿರಲಿಲ್ಲ, ಅದರ ಜಾಗ ಬದಲಾಗಿತ್ತು, ಅಷ್ಟೇ.

ಆಮೇಲಿನ ದಾರಿ ಏರಿಳಿತದ್ದು. 2014ರಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕಿನ ಅಂಕಣದಲ್ಲಿ ಪೇಸ್ ಜೊತೆ ಸರ್ಬಿಯದ ಜೋಡಿಗೆ ಮೊದಲ ಎರಡು ಸೆಟ್ ಬಿಟ್ಟುಕೊಟ್ಟು ಐದನೆಯದನ್ನು 8-6ರಲ್ಲಿ ಗೆದ್ದರು. ರಿಯೋದಲ್ಲಿ ಸಾನಿಯಾ ಜೊತೆ ಕಂಚಿನ ಪಂದ್ಯ ಸೋತರು. 2017ರಲ್ಲಿ ಕೆನಡಾದ ಗೇಬ್ರಿಯೆಲಾ ದಬ್ರೊವ್‌ಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಪ್ರಶಸ್ತಿ, ಅದೂ ಎದುರಾಳಿಗಳ ಮ್ಯಾಚ್ ಪಾಯಿಂಟ್ ಉಳಿಸಿಕೊಂಡು. ಮೊಣಕಾಲಿನ ಮೃದ್ವಸ್ಥಿ ಸವೆದು ನೋವು ಹೆಚ್ಚಿದಾಗ ಹಿಡಿದದ್ದು ಅಯ್ಯಂಗಾರ್ ಯೋಗ. (ಆ ಪದ್ಧತಿ ಕೊಟ್ಟ ಬಿ.ಕೆ.ಎಸ್. ಅಯ್ಯಂಗಾರ್ ಕೋಲಾರದ ಬೆಳ್ಳೂರಿನವರು. ನಮ್ಮಲ್ಲಿ ಈ ನಂಟನ್ನು ನೆನೆದವರು ಕಡಿಮೆ.) 2021ರಲ್ಲಂತೂ ಐದು ತಿಂಗಳು ಒಂದೂ ಪಂದ್ಯ ಗೆಲ್ಲದೆ, ಸಾಕು ಎಂದು ಹೆಂಡತಿಗೆ ಹೇಳಿಬಿಟ್ಟಿದ್ದರು.

2023ರಲ್ಲಿ ಎಬ್ಡೆನ್ ಸಿಕ್ಕರು. ನೆಟ್ ಬಳಿ ಚುರುಕು ಕೈ, ರಿಟರ್ನ್‌ನಲ್ಲಿ ಪಳಗಿದ ಕಣ್ಣು; ಬೋಪಣ್ಣ ಸಿಡಿಸಿದ್ದನ್ನು ಎಬ್ಡೆನ್ ಮುಗಿಸುತ್ತಿದ್ದರು. ಅದೇ ವರ್ಷ ಇಂಡಿಯನ್ ವೆಲ್ಸ್ ಗೆದ್ದು, ಅಮೆರಿಕ ಓಪನ್ ಫೈನಲ್‌ನಲ್ಲಿ ಸೋತರು. ಮೆಲ್ಬರ್ನಿನಲ್ಲಿ ಮೊದಲ ಸುತ್ತೇ ಕೊನೆಯ ಟೈಬ್ರೇಕರ್‌ವರೆಗೆ ಹೋಗಿತ್ತು, ಸೆಮಿಫೈನಲ್ ಕೂಡ. ಫೈನಲ್‌ನ ಮೊದಲ ಸೆಟ್ಟಿನ ಟೈಬ್ರೇಕರ್ 7-0. ಹದಿಮೂರು ವರ್ಷಗಳ ಹಿಂದೆ ನ್ಯೂಯಾರ್ಕಿನಲ್ಲಿ ಕೈತಪ್ಪಿದ್ದೂ ಟೈಬ್ರೇಕರ್‌ಗಳೇ.

2025ರ ನವೆಂಬರ್ 1ರಂದು ಬೋಪಣ್ಣ ನಿವೃತ್ತಿ ಹೇಳಿದರು. ಕೊನೆಯ ಪಂದ್ಯ ಪ್ಯಾರಿಸ್‌ನಲ್ಲಿ, ಕಜಕಸ್ತಾನದ ಅಲೆಕ್ಸಾಂಡರ್ ಬುಬ್ಲಿಕ್ ಜೊತೆ, ಮೊದಲ ಸುತ್ತಿನಲ್ಲೇ ಸೋಲು. ಸೌದೆಯ ಮಾತು ಬಂದದ್ದು ಆ ವಿದಾಯದ ಹೇಳಿಕೆಯಲ್ಲಿ. ಅದನ್ನು ಕಾಕಾನಿಗೆ ಓದಿ ಹೇಳಿದೆ. ಹಿತ್ತಲಲ್ಲಿ ಒಟ್ಟಿದ್ದ ಕಟ್ಟಿಗೆಯತ್ತ ಒಮ್ಮೆ ನೋಡಿದರು, ಆಮೇಲೆ ನನ್ನ ತೋಳಿನತ್ತ.