ಊರು ಬಿಟ್ಟವರ ಕಥೆ, ಮನೆಯಲ್ಲಿ ಕೂತವರ ಓದು

ಶೇಷಾದ್ರಿಪುರದ ಪ್ಲಾಟ್‌ಫಾರಂ ರಸ್ತೆಯ ಆಸುಪಾಸಿನವರಿಗೆ ರೈಲಿನ ಸದ್ದೇ ಗಡಿಯಾರ. 2020ರ ಮಾರ್ಚ್ ಕೊನೆಯ ವಾರ ಪ್ರಯಾಣಿಕರ ರೈಲುಗಳು ನಿಂತು ಆ ಸದ್ದು ಬಹುಮಟ್ಟಿಗೆ ಅಡಗಿತು. ಆಗ ನಾನಿನ್ನೂ ವಿದ್ಯಾರ್ಥಿ. ಗ್ರಂಥಾಲಯ ಮುಚ್ಚಿತ್ತು, ಮನೆಯ ಕಪಾಟಿನಲ್ಲಿದ್ದ ಪುಸ್ತಕಗಳೇ ಗತಿ. ಕೈಗೆ ಸಿಕ್ಕಿದ್ದು ಎಸ್.ಎಲ್. ಭೈರಪ್ಪನವರ 'ಗೃಹಭಂಗ'. ಅಜ್ಜಿ ಅದನ್ನು ನೋಡಿ, "ಈಗ ಅದನ್ಯಾಕೆ ಹಿಡಕೊಂಡು ಕೂತೆಯೋ, ಅದರಲ್ಲಿ ಪ್ಲೇಗು ಬರುತ್ತೆ" ಎಂದರು. ಪುಸ್ತಕದ ನಡುವೆ ಹಳೆಯ ಬಸ್ ಟಿಕೆಟೊಂದು ಸಿಕ್ಕಿಕೊಂಡಿತ್ತು. ಅದು ಅವರು ಓದುವುದನ್ನು ನಿಲ್ಲಿಸಿದ ಪುಟ.

ಬೆಂಗಳೂರಿಗೆ ಪ್ಲೇಗು ಬಂದದ್ದೂ ರೈಲಿನಲ್ಲಿಯೇ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ರೋಗ ಹುಬ್ಬಳ್ಳಿ ಮಾರ್ಗವಾಗಿ 1898ರ ಆಗಸ್ಟಿನಲ್ಲಿ ಇಲ್ಲಿಗೆ ತಲುಪಿತು. ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಅದಕ್ಕೆ ಅಡ್ಡಿಯೇ ಇರಲಿಲ್ಲ. ಆಗ ಮೈಸೂರಿನ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. 1883ರಿಂದ 1901ರವರೆಗೆ ಆ ಹುದ್ದೆಯಲ್ಲಿದ್ದ ಅವರ ಹೆಸರೇ ನಮ್ಮ ಬಡಾವಣೆಗೆ ಬಂದಿದೆ. ಮಲ್ಲೇಶ್ವರ, ಬಸವನಗುಡಿಗಳು ಬೆಳೆದದ್ದೂ ಆ ಕಾಲದಲ್ಲಿಯೇ. ಅಗಲವಾದ ರಸ್ತೆ, ಮನೆಯ ಸುತ್ತ ಗಾಳಿ ಬೆಳಕು, ಹಿಂಬದಿಯಲ್ಲಿ ಜಾಡಮಾಲಿಗಳಿಗೆಂದು ಬಿಟ್ಟ ಕನ್ಸರ್ವೆನ್ಸಿ ಓಣಿ, ಇವೆಲ್ಲ ರೋಗದ ಭಯ ಬರೆದ ನಕ್ಷೆಗಳು. ಆ ಓಣಿಗಳಲ್ಲಿ ಈಗ ಸ್ಕೂಟರ್ ನಿಲ್ಲಿಸುತ್ತೇವೆ.

ಹಳ್ಳಿಗಳಲ್ಲಿ ಬಡಾವಣೆ ಕಟ್ಟುವವರು ಯಾರು? ಅಲ್ಲಿದ್ದ ಉಪಾಯ ಒಂದೇ. ಇಲಿ ಬಿತ್ತೆಂದರೆ ಊರು ಬಿಡಬೇಕು. ಪಾತ್ರೆಪಡಗ, ಕಾಳುಕಡ್ಡಿ ಗಾಡಿಗೆ ಹೇರಿಕೊಂಡು ಊರಾಚೆ ಹೊಲದಲ್ಲಿ ಸೋಗೆಯ ಗುಡಿಸಲು ಹಾಕಿ ತಿಂಗಳುಗಟ್ಟಲೆ ಕಳೆಯಬೇಕು. ಇದು ಬರಿಯ ಭೀತಿಯಲ್ಲ, ಅನುಭವದಿಂದ ಬಂದ ತಿಳುವಳಿಕೆ. ಇಲಿ ಸತ್ತ ಮೇಲೆ ಅದರ ಮೈಮೇಲಿನ ಚಿಗಟ ಮನುಷ್ಯನಿಗೆ ಅಂಟಿಕೊಳ್ಳುತ್ತದೆ. ಚಿಗಟದಿಂದ ರೋಗ ಹರಡುವುದನ್ನು ಫ್ರೆಂಚ್ ವೈದ್ಯ ಪಾಲ್-ಲೂಯಿ ಸಿಮಂಡ್ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು 1898ರಲ್ಲಿ. ವಿಜ್ಞಾನಿಗಳು ಅದನ್ನು ಒಪ್ಪಲು ಇನ್ನೂ ಕೆಲವು ವರ್ಷ ಹಿಡಿಯಿತು.

ಹೀಗೆ ಅಂದಿನ ಪಿಡುಗು ಜನರನ್ನು ಮನೆಯಿಂದ ಹೊರಗೆ ಹಾಕಿತು, ನಮ್ಮ ಕಾಲದ್ದು ಒಳಗೆ ಕೂಡಿತು. ಆದರೂ 'ಗೃಹಭಂಗ' ಓದುತ್ತಾ ಹೋದಂತೆ ಈ ವ್ಯತ್ಯಾಸ ಮುಖ್ಯವೆನಿಸಲಿಲ್ಲ.

1970ರಲ್ಲಿ ಪ್ರಕಟವಾದ ಈ ಕಾದಂಬರಿಯಲ್ಲಿ ಪ್ಲೇಗು ಬರುವ ಎಷ್ಟೋ ಮೊದಲೇ ಮನೆ ಮುರಿದುಹೋಗಿದೆ. ಗಂಡ ಚೆನ್ನಿಗರಾಯನಿಗೆ ಉಣ್ಣುವುದೊಂದು ಗೊತ್ತು. ಅತ್ತೆ ಗಂಗಮ್ಮನ ಬಾಯಿಗೆ ಅಂಕೆಯಿಲ್ಲ. ಶ್ಯಾನುಭೋಗಿಕೆ ಗಂಡನ ಹೆಸರಿನಲ್ಲಿ, ಲೆಕ್ಕ ಬರೆಯುವವಳು ಹೆಂಡತಿ ನಂಜಮ್ಮ. ಮುತ್ತುಗದ ಎಲೆ ಹಚ್ಚಿ ಮಕ್ಕಳನ್ನು ಸಾಕುವವಳೂ ಅವಳೇ. ಇಂಥ ಮನೆಗೆ ಪ್ಲೇಗು ಬಂದು ಮಗಳು ಪಾರ್ವತಿ, ಮಗ ರಾಮಣ್ಣ ಇಬ್ಬರನ್ನೂ ಒಯ್ಯುತ್ತದೆ. ಮುಂದೊಮ್ಮೆ ನಂಜಮ್ಮನನ್ನೂ ಬಿಡುವುದಿಲ್ಲ. ಬಾಲ್ಯದಲ್ಲಿ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿನಲ್ಲಿ ಕಳೆದುಕೊಂಡವರು ಬರೆದ ಕಾದಂಬರಿ ಇದು. ಭೈರಪ್ಪನವರು 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ಅನೇಕರು ಮೊದಲು ನೆನೆದದ್ದು ನಂಜಮ್ಮನನ್ನು.

2020ರಲ್ಲಿ ನಮಗೆಲ್ಲ ಹೇಳಿದ್ದು ಒಂದೇ ಮಾತು: ಮನೆಯಲ್ಲಿರಿ, ಸುರಕ್ಷಿತವಾಗಿರಿ. ಅದೇ ವರ್ಷ ರಾಷ್ಟ್ರೀಯ ಮಹಿಳಾ ಆಯೋಗಕ್ಕೆ ಬಂದ ಕೌಟುಂಬಿಕ ಹಿಂಸೆಯ ದೂರುಗಳು ಏರಿದವು. ಬಾಗಿಲು ಹಾಕಿಕೊಂಡರೆ ರೋಗ ಹೊರಗೆ ಉಳಿದೀತು. ಚೆನ್ನಿಗರಾಯ ಒಳಗೇ ಇದ್ದರೆ? ಸರ್ಕಾರದ ಸುತ್ತೋಲೆಯಲ್ಲಿ ಮನೆಯೆಂದರೆ ಒಂದು ವಿಳಾಸ. ಅದರೊಳಗೆ ಯಾರು ದುಡಿಯುತ್ತಾರೆ, ಯಾರು ತಿನ್ನುತ್ತಾರೆ, ಯಾರು ರೋಗಿಯ ಪಕ್ಕ ರಾತ್ರಿ ಕೂರುತ್ತಾರೆ ಎಂಬುದು ಕಾದಂಬರಿಗೆ ಗೊತ್ತಿರುತ್ತದೆ. ಪಿಡುಗಿನ ಕಾಲದಲ್ಲಿ ಸಾವಿನ ಪುಸ್ತಕವನ್ನೇ ಹುಡುಕಿ ಓದುವುದು ವಿಚಿತ್ರವೆಂದು ಗೆಳೆಯರು ಹಾಸ್ಯ ಮಾಡಿದರು. ನನಗೆ ಟೆಲಿವಿಷನ್ನಿನ ಅಂಕಿಸಂಖ್ಯೆಗಿಂತ ಅದೇ ವಾಸಿಯೆನಿಸಿತು.

ಅನಂತಮೂರ್ತಿಯವರ 'ಸಂಸ್ಕಾರ'ವನ್ನು (1965) ಓದಿದ್ದು ಮರುವರ್ಷ, ಎರಡನೇ ಅಲೆಯಲ್ಲಿ. ಶಿವಮೊಗ್ಗದಿಂದ ಜ್ವರ ಹೊತ್ತು ಬಂದ ನಾರಣಪ್ಪ ಸಾಯುತ್ತಾನೆ. ಶವಸಂಸ್ಕಾರ ಯಾರು ಮಾಡಬೇಕೆಂಬ ಜಿಜ್ಞಾಸೆಯಲ್ಲಿ ಅಗ್ರಹಾರ ಹಸಿದು ಕೂರುತ್ತದೆ, ಇಲಿಗಳು ಬೀಳತೊಡಗುತ್ತವೆ. ಕಡೆಗೆ ಯಾರಿಗೂ ತಿಳಿಯದಂತೆ ರಾತ್ರಿ ಶವ ಸುಡಿಸುವವಳು ಚಂದ್ರಿ, ನೆರವಾಗುವವನು ಒಬ್ಬ ಮುಸ್ಲಿಂ ಗಾಡಿಯವನು. ತರಗತಿಯಲ್ಲಿ ಇದನ್ನು ಸಾಂಕೇತಿಕವೆಂದು ಬರೆದು ಅಂಕ ಪಡೆದಿದ್ದೆ. 2021ರ ಬೇಸಿಗೆಯಲ್ಲಿ ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿದವು, ಗಿಡ್ಡೇನಹಳ್ಳಿಯ ಕಲ್ಲುಕ್ವಾರಿ ಸ್ಮಶಾನವಾಯಿತು. ಜೂನಿನಲ್ಲಿ ವಾರಸುದಾರರು ಬಾರದ ನೂರಾರು ಅಸ್ಥಿಗಳನ್ನು ಸರ್ಕಾರವೇ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಬಳಿ ಕಾವೇರಿಗೆ ಬಿಟ್ಟಿತು. ಸಂಕೇತವೆಂದು ಬರೆದ ಆ ಉತ್ತರವನ್ನು ಈಗ ಬರೆಯಲಾರೆ.

ಅಜ್ಜಿ ಪುಸ್ತಕ ನಿಲ್ಲಿಸಿದ್ದೇಕೆಂದು ತಿಳಿದದ್ದು ಆ ಮಳೆಗಾಲದಲ್ಲಿ. ಸೊಪ್ಪು ಬಿಡಿಸುತ್ತಾ ಕೂತಿದ್ದವರು ಇದ್ದಕ್ಕಿದ್ದಂತೆ, "ನಂಜಮ್ಮನ ಕಿರೀ ಮಗ ಏನಾದ?" ಎಂದು ಕೇಳಿದರು. ವಿಶ್ವ ಉಳಿದುಕೊಂಡ, ಮಾದೇವಯ್ಯನವರ ಜೊತೆ ಊರು ಬಿಟ್ಟು ಹೋಗುತ್ತಾನೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಮಗೊಬ್ಬ ಅಣ್ಣ ಇದ್ದನೆಂದೂ, ತಿಪಟೂರು ಕಡೆಯ ಅವರ ಊರಿನಾಚೆ ಗುಡಿಸಲಿನಲ್ಲಿ ಕಂಕುಳ ಗಡ್ಡೆಯೆದ್ದು ತೀರಿಕೊಂಡನೆಂದೂ ಹೇಳಿದರು. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಆ ಹೆಸರು ಎತ್ತಿರಲಿಲ್ಲ. ಯಾವ ವರ್ಷ ಎಂದು ಕೇಳಿದೆ. ವರ್ಷ ನೆನಪಿಲ್ಲ, ರಾಗಿ ಕುಯ್ಲು ಮುಗಿದಿತ್ತು ಎಂದರು.