ಘಟ್ಟವೇರಿದ ಸೈಕಲ್ಲು

ಮಲೆನಾಡಿನ ರಸ್ತೆಗಳಲ್ಲಿ ಸೈಕಲ್ಲೇರಿ ಹೊರಟವನು ಏರು ಬಂದೊಡನೆ ಕೆಳಗಿಳಿದು, ಒಂದು ಕೈಯಲ್ಲಿ ಹ್ಯಾಂಡಲನ್ನೂ ಇನ್ನೊಂದರಲ್ಲಿ ಸೀಟನ್ನೂ ಹಿಡಿದು ತಳ್ಳಿಕೊಂಡು ನಡೆಯುವುದು ಎಷ್ಟು ಸಹಜವಾದ ದೃಶ್ಯವಾಗಿತ್ತೆಂದರೆ, ವಾಹನವನ್ನೇ ಸವಾರನು ಹೊತ್ತೊಯ್ಯುವಂತಿದ್ದ ಈ ವಿಪರ್ಯಾಸವನ್ನು ಕಂಡು ನಗುವವರಾರೂ ಇರಲಿಲ್ಲ. ಕಾಲಿನ ದೌರ್ಬಲ್ಯವೇ ಇದಕ್ಕೆ ಕಾರಣವೆಂದು ಭಾವಿಸತಕ್ಕದ್ದಲ್ಲ. ಆರೋಗ್ಯವಂತನಾದ ಸಾಮಾನ್ಯ ಮನುಷ್ಯನು ದಣಿಯದೆ ಬಹುಹೊತ್ತು ಒದಗಿಸಬಲ್ಲ ಶಕ್ತಿ ಸುಮಾರು 100 ವ್ಯಾಟ್. ಸವಾರನೂ ಸೈಕಲ್ಲೂ ಸೇರಿ 100 ಕಿಲೋ ತೂಕವೆಂದಿಟ್ಟುಕೊಂಡರೆ, ನೂರು ಅಡಿ ಸಾಗುವಷ್ಟರಲ್ಲಿ ಆರು ಅಡಿ ಮೇಲೇರುವ ದಾರಿಯಲ್ಲಿ ಆ ಶಕ್ತಿಯಿಂದ ಲಭಿಸುವ ವೇಗ ಗಂಟೆಗೆ ಐದಾರು ಕಿಲೋಮೀಟರು, ಎಂದರೆ ಕಾಲುನಡಿಗೆಯಷ್ಟೇ. ಅಷ್ಟು ಮಂದಗತಿಯಲ್ಲಿ ಒಂದೇ ಗೇರಿನ ಸೈಕಲ್ಲಿನ ಪೆಡಲು ತಿರುಗುವುದೇ ದುಸ್ತರವಾಗಿ, ಸಮತೋಲ ತಪ್ಪಿ, ಇಳಿದು ತಳ್ಳುವುದೇ ಬುದ್ಧಿವಂತಿಕೆಯೆನಿಸುತ್ತದೆ.

ಸೈಕಲ್ಲು ಹುಟ್ಟಿನಿಂದಲೇ ಬಯಲುಸೀಮೆಯ ವಾಹನ. 1817ರಲ್ಲಿ ಕಾರ್ಲ್ ಡ್ರೈಸ್ ಎಂಬಾತನು ಜರ್ಮನಿಯ ಮ್ಯಾನ್‌ಹೈಮಿನಲ್ಲಿ ಓಡಿಸಿ ತೋರಿಸಿದ, ಪೆಡಲಿಲ್ಲದೆ ಕಾಲಿನಿಂದ ನೆಲವನ್ನೊದೆದು ಸಾಗತಕ್ಕ ಮರದ ಯಂತ್ರವೂ, 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಹೊರಬಂದ, ಇಂದಿನ ಸೈಕಲ್ಲಿನ ಮೂಲಪುರುಷನೆನ್ನಬಹುದಾದ ರೋವರ್ ಗಾಡಿಯೂ ಸಮತಟ್ಟಾದ ರಸ್ತೆಯನ್ನು ನಂಬಿಕೊಂಡೇ ರೂಪುಗೊಂಡವು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರನ್ನು ತಂದುದರಿಂದ ಮೈ ಕುಲುಕುವುದು ತಗ್ಗಿತೇ ಹೊರತು ಗುಡ್ಡ ತಗ್ಗಲಿಲ್ಲ.

ಗುಡ್ಡದ ಯೋಚನೆ ಬಂದದ್ದು ಗುಡ್ಡದ ಊರಿನವರಿಗೇ. ಫ್ರಾನ್ಸಿನ ಸಾಂತ್-ಎತಿಯೆನ್ ನಗರವು ಕಲ್ಲಿದ್ದಲಿಗೂ ಕೋವಿಗಳಿಗೂ ರೇಷ್ಮೆಯ ರಿಬ್ಬನ್ನುಗಳಿಗೂ ಹೆಸರಾಗಿದ್ದು, ಕಾಲಕ್ರಮದಲ್ಲಿ ಆ ದೇಶದ ಸೈಕಲ್ ಉದ್ಯಮದ ತವರೂ ಆಯಿತು. ಅಲ್ಲಿ ರೇಷ್ಮೆಯ ವ್ಯಾಪಾರವನ್ನು ತೊರೆದು ಸೈಕಲ್ಲಿನ ಅಂಗಡಿಯನ್ನು ತೆರೆದ ಪಾಲ್ ದ ವಿವಿ ಎಂಬಾತನು 1887ರಲ್ಲಿ ಸೈಕಲ್ಲಿಗೇ ಮೀಸಲಾದ ಒಂದು ಪತ್ರಿಕೆಯನ್ನು ಹೊರಡಿಸಿ, ವೆಲೊಸಿಯೊ ಎಂಬ ಅಂಕಿತದಲ್ಲಿ ಜೀವನಪರ್ಯಂತ ಬರೆದನು. ಈತನು ಸಸ್ಯಾಹಾರಿ, ಮಿತವ್ಯಯಿ, ಪಂದ್ಯಗಳ ಗೊಡವೆಗೆ ಹೋಗದೆ ಪ್ರವಾಸದ ಸುಖಕ್ಕಾಗಿಯೇ ಸೈಕಲ್ ತುಳಿದವನು. ಊರ ಹೊರಗೆ 1161 ಮೀಟರು ಎತ್ತರದಲ್ಲಿರುವ ಕೋಲ್ ದ ಲಾ ರೆಪುಬ್ಲಿಕ್ ಎಂಬ ಕಣಿವೆದಾರಿಯೇ ಈತನ ಪ್ರಯೋಗಶಾಲೆಯಾಯಿತು. ದೊಡ್ಡದೂ ಚಿಕ್ಕದೂ ಆದ ಹಲ್ಲುಚಕ್ರಗಳನ್ನು ಜೋಡಿಸಿ, ಮೊದಮೊದಲು ಚೈನನ್ನು ಕೈಯಿಂದಲೇ ಒಂದರಿಂದ ಇನ್ನೊಂದಕ್ಕೆ ದಾಟಿಸಿ, ಏರಿಗೆ ತಕ್ಕಂತೆ ಗೇರನ್ನು ಬದಲಾಯಿಸುವ ಕ್ರಮವನ್ನು ಅವನು ಪರೀಕ್ಷಿಸಿದನು. ಮನುಷ್ಯನ ಕಾಲಿಗೆ ಒಗ್ಗುವ ತುಳಿತದ ಲಯವೊಂದುಂಟು. ರಸ್ತೆ ಹೇಗಿದ್ದರೂ ಆ ಲಯ ಕೆಡದಂತೆ ಚಕ್ರವೇ ಹೊಂದಿಕೊಳ್ಳಬೇಕು ಎಂಬುದು ಈ ಎಲ್ಲ ಶ್ರಮದ ಸಾರ.

ಇಂದು ಶಾಲೆಯ ಹುಡುಗರ ಸೈಕಲ್ಲಿಗೂ ಇರುವ ಗೇರು ಅಂದು ಲೋಕಕ್ಕೆ ರುಚಿಸಲಿಲ್ಲವೆಂದರೆ ಆಶ್ಚರ್ಯವಾದೀತು. 1903ರಲ್ಲಿ ಟೂರ್ ದ ಫ್ರಾನ್ಸ್ ಪಂದ್ಯವನ್ನು ಆರಂಭಿಸಿದ ಆಂರಿ ದೆಗ್ರಾಂಜನು ಇಂಥ ಉಪಕರಣಗಳು ನಲವತ್ತೈದು ದಾಟಿದವರಿಗೆ ಮಾತ್ರ ತಕ್ಕವೆಂದು ಅಪಹಾಸ್ಯ ಮಾಡಿದವನು. ಗೆಲುವು ಸ್ನಾಯುವಿನದಾಗಿರಬೇಕು, ಯಂತ್ರದ್ದಲ್ಲವೆಂಬುದು ಅವನ ಹಟ. ಮೊದಲನೆಯ ವರ್ಷದ ಪಂದ್ಯವೇ ವೆಲೊಸಿಯೊನ ಅದೇ ಕಣಿವೆದಾರಿಯನ್ನು ಹಾದುಹೋಯಿತಾದರೂ, ಮುಂದೆ ಬಹುಕಾಲ ಸ್ಪರ್ಧಿಗಳು ಘಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರವನ್ನು ಬಿಚ್ಚಿ, ಇನ್ನೊಂದು ಪಕ್ಕದಲ್ಲಿದ್ದ ಹಲ್ಲುಚಕ್ರವು ಚೈನಿಗೆ ಸಿಕ್ಕುವಂತೆ ಅದನ್ನು ತಿರುಗಿಸಿ ಹಾಕಿಕೊಳ್ಳಬೇಕಾಗಿತ್ತು. ಚೈನನ್ನು ಸರಿಸುವ ಡಿರೇಲರಿಗೆ ಆ ಪಂದ್ಯದಲ್ಲಿ ಅನುಮತಿ ದೊರೆತದ್ದು 1937ರಲ್ಲಿ. 1930ರಲ್ಲಿ ತನ್ನ ಊರಿನಲ್ಲಿಯೇ ಟ್ರಾಮು ಬಡಿದು ಕಾಲವಾದ ವೆಲೊಸಿಯೊ ಅದನ್ನು ಕಾಣಲಿಲ್ಲ. ಈಗ ವಿದ್ಯುತ್ ಸೈಕಲ್ಲನ್ನು ಕಂಡು ಇದು ಮೋಸವೆಂದು ಮೂಗು ಮುರಿಯುವ ಮಹನೀಯರು ಗೇರುಳ್ಳ ಸೈಕಲ್ಲಿನ ಮೇಲೆ ಕುಳಿತೇ ಆ ಮಾತನ್ನಾಡುತ್ತಾರೆಂಬುದು ಇತಿಹಾಸದ ಒಂದು ವಿನೋದ.

ವಿದ್ಯುತ್ತಿನ ಕಥೆಯೂ ತೀರ ಹೊಸದಲ್ಲ. 1895ರ ಡಿಸೆಂಬರ್ 31ರಂದು ಅಮೆರಿಕದ ಓಹಾಯೋ ಸಂಸ್ಥಾನದ ಆಗ್ಡನ್ ಬೋಲ್ಟನ್ ಎಂಬವನು ಹಿಂದಿನ ಚಕ್ರದ ಗುಂಬದಲ್ಲೇ ಮೋಟಾರನ್ನು ಅಡಗಿಸಿದ ಸೈಕಲ್ಲಿಗೆ ಪೇಟೆಂಟ್ ಪಡೆದನು. 10 ವೋಲ್ಟಿನ ಬ್ಯಾಟರಿಯಿಂದ 100 ಆಂಪಿಯರ್ ಹರಿಸುವ ಎಣಿಕೆ ಅವನದು. ಎಣಿಕೆ ಸರಿಯಾಗಿದ್ದರೂ ಸೀಸದ ಬ್ಯಾಟರಿಯ ಭಾರವು ಅದನ್ನು ಏಳಗೊಡಲಿಲ್ಲ: ಬೆಟ್ಟವೇರಲು ಶಕ್ತಿ ಬೇಕು, ಶಕ್ತಿಗೆ ಬ್ಯಾಟರಿ ಬೇಕು, ಆ ಬ್ಯಾಟರಿಯನ್ನೇ ಬೆಟ್ಟಕ್ಕೆ ಹೊರಲು ಮತ್ತಷ್ಟು ಶಕ್ತಿ ಬೇಕು. 1932ರಲ್ಲಿ ಹಾಲೆಂಡಿನಲ್ಲಿ ಫಿಲಿಪ್ಸ್ ಮತ್ತು ಸಿಂಪ್ಲೆಕ್ಸ್ ಕಂಪನಿಗಳು ಕೂಡಿ ಅಂಥದೊಂದನ್ನು ಮಾರುಕಟ್ಟೆಗೆ ತಂದವು; ಆ ದೇಶದಲ್ಲಿ ಏರುಗಳೇ ಅಪರೂಪವಾದ್ದರಿಂದ ನಮ್ಮ ಕಥೆಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ನಿಜವಾದ ತಿರುವು ಬಂದದ್ದು ಜಪಾನಿನಲ್ಲಿ. 1993ರಲ್ಲಿ ಯಮಹಾ ಕಂಪನಿಯು ಹೊರತಂದ ಪಾಸ್ ಎಂಬ ಸೈಕಲ್ಲಿನಲ್ಲಿ ಮೋಟಾರು ತಾನಾಗಿ ಓಡದೆ, ಸವಾರನು ಪೆಡಲನ್ನು ಎಷ್ಟು ಬಲವಾಗಿ ಒತ್ತಿದನೆಂಬುದನ್ನು ಅಳೆದು, ಅದಕ್ಕೆ ಅನುಗುಣವಾಗಿ ತನ್ನ ಬಲವನ್ನು ಸೇರಿಸುತ್ತಿತ್ತು; ತುಳಿತ ನಿಂತರೆ ಸಹಾಯವೂ ನಿಂತಿತು. ಮುಂದೆ ಹಗುರವಾದ ಲಿಥಿಯಂ ಬ್ಯಾಟರಿ ಒದಗಿದ ಮೇಲೆ ಬೋಲ್ಟನ್ನನನ್ನು ಕಾಡಿದ ಭಾರವೂ ಇಳಿಯಿತು. ಕಾಯಿದೆಯೂ ಅನುಕೂಲವಾಯಿತು: ನಮ್ಮ ದೇಶದಲ್ಲಿ ಮೋಟಾರಿನ ಶಕ್ತಿ 250 ವ್ಯಾಟಿಗಿಂತಲೂ ವೇಗ ಗಂಟೆಗೆ 25 ಕಿಲೋಮೀಟರಿಗಿಂತಲೂ ಕಡಿಮೆಯಿರುವ ಇಂಥ ಗಾಡಿಯನ್ನು ಮೋಟಾರುವಾಹನವೆಂದು ಗಣಿಸುವುದಿಲ್ಲವಾದ್ದರಿಂದ ನೋಂದಣಿಯ ತೊಡಕಿಲ್ಲ, ಲೈಸೆನ್ಸಿನ ಗೊಡವೆಯಿಲ್ಲ.

ಬೆಳಗಿನ ಜಾವ ಬೆಂಗಳೂರಿನಿಂದ ಹೊರಟು 1478 ಮೀಟರಿನ ನಂದಿಬೆಟ್ಟವನ್ನೇರಬಯಸುವ, ಆದರೆ ಹಣದ ಚೀಲ ದೊಡ್ಡದಲ್ಲದ ವಿಹಾರಪ್ರಿಯರಿಗೆ ಈ ಪೂರ್ವಕಥೆಯು ನಿರುಪಯುಕ್ತವಲ್ಲ. ಅಗ್ಗದ ಗಾಡಿಗಳಲ್ಲಿ ಸಾಮಾನ್ಯವಾಗಿರುವುದು ಬೋಲ್ಟನ್ನನ ವಂಶದ ಹಬ್ ಮೋಟಾರು. ಚಕ್ರ ನಿಧಾನವಾಗಿ ತಿರುಗುವ ಕಡಿದಾದ ಏರಿನಲ್ಲಿ ಅದು ಬ್ಯಾಟರಿಯಿಂದ ಎಳೆದುಕೊಂಡ ವಿದ್ಯುತ್ತಿನ ಬಹುಭಾಗವನ್ನು ಶಾಖವಾಗಿ ಕಳೆಯುತ್ತದೆ. ಒಳಗೆ ಹಲ್ಲುಚಕ್ರಗಳುಳ್ಳ ಹಬ್ ಮೋಟಾರಿನಲ್ಲಿ ಈ ದೋಷ ಕಡಿಮೆ. ಪೆಡಲಿನ ಬಳಿಯೇ ಇರುವ ಮಿಡ್-ಡ್ರೈವ್ ಮೋಟಾರಾದರೆ ಚೈನಿನ ಮೂಲಕ ಎಳೆಯುವುದರಿಂದ ಸವಾರನು ಗೇರು ಇಳಿಸಿದಾಗ ಅದಕ್ಕೂ ಅದೇ ಅನುಕೂಲ ದೊರೆಯುತ್ತದೆ. ಎಂದರೆ ವೆಲೊಸಿಯೊ ಕಾಲಿಗೆ ಹೇಳಿದ್ದು ಮೋಟಾರಿಗೂ ಅನ್ವಯಿಸಿತು. ಅದರ ಬೆಲೆ ಹೆಚ್ಚು, ಚೈನೂ ಬೇಗ ಸವೆಯುತ್ತದೆ.

ಬ್ಯಾಟರಿಯ ವಿಷಯದಲ್ಲಿ ಮಾರುವವರ ಮಾತಿಗಿಂತ ಲೆಕ್ಕವನ್ನು ನಂಬುವುದು ಲೇಸು. 100 ಕಿಲೋ ಭಾರವನ್ನು 600 ಮೀಟರು, ಎಂದರೆ ಹೆಚ್ಚುಕಡಿಮೆ ಸಾಂತ್-ಎತಿಯೆನ್ನಿನಿಂದ ಆ ಕಣಿವೆಯವರೆಗಿನಷ್ಟು, ಎತ್ತಲು ಬೇಕಾಗುವುದು ಸುಮಾರು 163 ವ್ಯಾಟ್‌ಗಂಟೆಯ ಶಕ್ತಿ. ಮೋಟಾರಿನಲ್ಲಿ ಆಗುವ ನಷ್ಟವನ್ನು ಕೂಡಿಸಿ 200 ಎನ್ನೋಣ. 36 ವೋಲ್ಟು, 10 ಆಂಪಿಯರ್‌ಗಂಟೆಯ ಸಾಧಾರಣ ಬ್ಯಾಟರಿಯಲ್ಲಿ 360 ಇರುತ್ತದೆ. ಸವಾರನು ತಾನೂ ತುಳಿದನಾದರೆ ಒಂದು ಬೆಟ್ಟಕ್ಕೆ ಇದು ಧಾರಾಳವಾಗಿ ಸಾಕು. ಗಾಡಿಯ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದೇ ಆದುದರಿಂದ ಇದಕ್ಕಿಂತ ದೊಡ್ಡದಕ್ಕೆ ಆಸೆಪಡುವ ಮೊದಲು ಆ ಹಣವನ್ನು ಒಳ್ಳೆಯ ಬ್ರೇಕಿಗೂ ಹಿಂದಿನ ಚಕ್ರದ ದೊಡ್ಡ ಹಲ್ಲುಚಕ್ರಕ್ಕೂ ವೆಚ್ಚಮಾಡುವುದು ಮೇಲು. ಏರಿದ್ದನ್ನೆಲ್ಲ ಇಳಿಯಬೇಕಷ್ಟೆ, ಇಳಿಜಾರಿನಲ್ಲಿ ಗಾಡಿಯ ತೂಕವೇ ಶತ್ರು.

ಜಂಬಕ್ಕಾಗಿ ಎಂದೂ ಪೆಡಲು ತುಳಿಯಬಾರದೆಂಬುದು ವೆಲೊಸಿಯೊ ಸವಾರರಿಗೆ ಕೊಟ್ಟ ಬುದ್ಧಿವಾದಗಳಲ್ಲೊಂದು. ಆ ಕಣಿವೆಯ ನೆತ್ತಿಯಲ್ಲಿ ಅವನ ಸ್ಮಾರಕವಿದೆ. ಕೊಳ್ಳಹೊರಟ ವಾಚಕರು ದುಡ್ಡು ಎಣಿಸಿಕೊಡುವ ಮುನ್ನ ಗಾಡಿಯನ್ನು ಹತ್ತಿರದ ಒಂದು ದಿಬ್ಬಕ್ಕೆ ಕೊಂಡೊಯ್ದು, ಮೋಟಾರನ್ನು ಆರಿಸಿ, ಅತ್ಯಂತ ಹಗುರವಾದ ಗೇರಿನಲ್ಲಿ ಒಮ್ಮೆ ತುಳಿದು ನೋಡಲಿ. ಆಗಲೂ ಮೇಲೇರಿದರೆ ಧೈರ್ಯವಾಗಿ ಕೊಳ್ಳಲಿ.