ಕೊಕ್ಕೆ ಕಿತ್ತ ಮೇಲೆ
ಲಿನಕ್ಸ್ ಕಂಪ್ಯೂಟರಿಗೆ ಈಗ ವೆಬ್‌ಕ್ಯಾಮ್ ಸಿಕ್ಕಿಸಿದರೆ ಸಾಮಾನ್ಯವಾಗಿ ಮುಖ ಕಾಣುತ್ತದೆ. 2004ರಲ್ಲಿ ಅಷ್ಟು ಸಲೀಸಿರಲಿಲ್ಲ. ಆಗಿನ ಯುಎಸ್‌ಬಿ ಕ್ಯಾಮೆರಾಗಳ ತಂತಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12 ಮೆಗಾಬಿಟ್ ಹರಿಯುತ್ತಿತ್ತು. ಹಾಗಾಗಿ ಫಿಲಿಪ್ಸ್ ಕ್ಯಾಮೆರಾಗಳು ಚಿತ್ರವನ್ನು ತಮ್ಮದೇ ಗುಟ್ಟಿನ ವಿಧಾನದಲ್ಲಿ ಕುಗ್ಗಿಸಿ ಕಳಿಸುತ್ತಿದ್ದವು. ‘ನೆಮೊಸಾಫ್ಟ್’ ಎಂಬ ಗುಪ್ತನಾಮದ ಪ್ರೋಗ್ರಾಮರ್ ಕಂಪನಿಗೆ ಗೌಪ್ಯತೆಯ ಕರಾರು ಬರೆದುಕೊಟ್ಟು, ಎರಡು ತುಂಡಿನ ಡ್ರೈವರ್ ಮಾಡಿದ್ದರು. ಒಂದರ ಸೋರ್ಸ್ ಕೋಡ್ ಎಲ್ಲರೂ ಓದಬಹುದಾದದ್ದು. ಅದರಿಂದ ಬರುವುದು ಅಂಚೆಚೀಟಿಯಂಥ ಚಿತ್ರ. ದೊಡ್ಡದು ಬೇಕಾದರೆ ಮುಚ್ಚಿದ ಇನ್ನೊಂದು ತುಂಡು ಬೇಕು.

ಆ ವರ್ಷದ ಆಗಸ್ಟ್‌ನಲ್ಲಿ, ಕರ್ನಲ್‌ನ ಯುಎಸ್‌ಬಿ ಭಾಗ ನೋಡಿಕೊಳ್ಳುತ್ತಿದ್ದ ಗ್ರೆಗ್ ಕ್ರೋಹ್-ಹಾರ್ಟ್‌ಮನ್, ಮುಚ್ಚಿದ ತುಂಡನ್ನು ತಗುಲಿಸಲೆಂದೇ ಇದ್ದ ಕೊಕ್ಕೆಯನ್ನು ಕಿತ್ತರು. ಮುನಿದ ನೆಮೊಸಾಫ್ಟ್ ಡ್ರೈವರನ್ನೇ ತೆಗೆಯಿರಿ ಎಂದರು, ತೆಗೆದರು. ದುಡ್ಡು ಕೊಟ್ಟು ಕ್ಯಾಮೆರಾ ಕೊಂಡವರ ಪಾಡು ಯಾರಿಗೂ ಬೇಡವಾಯಿತು. ಆದರೂ ಕೊಕ್ಕೆ ಉಳಿದಿದ್ದರೆ ಗುಟ್ಟೂ ಉಳಿಯುತ್ತಿತ್ತು ಅಂತಲೇ ನನ್ನ ಎಣಿಕೆ. ಲುಕ್ ಸೈಯಾರ್ ಎಂಬವರು ಆ ಮುಚ್ಚಿದ ತುಂಡನ್ನು ಬಿಡಿಸಿ ನೋಡಿ, ಚಿತ್ರ ಹಿಗ್ಗಿಸುವ ಕೋಡನ್ನು ತೆರೆದ ರೂಪದಲ್ಲಿ ಬರೆದರು. ಡ್ರೈವರ್ ಕರ್ನಲ್‌ಗೆ ಮರಳಿತು.

2008ರಲ್ಲಿ ಲಾರೆಂಟ್ ಪಿಂಚಾರ್ಟ್ ಅವರ ಯುವಿಸಿ ಡ್ರೈವರ್ ಕರ್ನಲ್ ಸೇರಿದ ಮೇಲೆ ಒಂದೇ ಮಾನದಂಡದ ಹೊಸ ಕ್ಯಾಮೆರಾಗಳಿಗೆ ಇಂಥ ಜಗಳವೇ ಬೇಕಾಗಲಿಲ್ಲ. ಹಳೆಯವು? ಫ್ರಾನ್ಸಿನ ಮಿಶೆಲ್ ಕ್ಸಾರ್, ವೃತ್ತಿಯಿಂದ ವೈದ್ಯರು, ಅಷ್ಟರಲ್ಲಾಗಲೇ 200ಕ್ಕೂ ಹೆಚ್ಚು ಮಾದರಿಗಳಿಗೆ ಕಣ್ಣು ತೆರೆಸಿದ್ದರು.